ಗಾಜಿನ ಕೋಣೆಯೊಳಗೆ ಝಳ ಬಿಟ್ಟುಕೊಂಡದ್ದು

ನಮ್ಮ ಹಿತ್ತಲಿನ ಗಾಜಿನ ಕೋಣೆಗೆ ತಗುಲಿದ್ದು ಸುಮಾರು ಒಂಬತ್ತು ಸಾವಿರ ರೂಪಾಯಿ, ಒಂದು ಗಾಡಿ ಖಾಲಿ ಗೋಣಿಚೀಲ, ಮತ್ತು 'ಇವನಿಗೆ ಯಾರೂ ಟೋಪಿ ಹಾಕಲಾರರು' ಎಂದು ಆಳಂದದ ಪೇಟೆಯಲ್ಲಿ ನಾನು ಕಷ್ಟಪಟ್ಟು ಗಳಿಸಿದ್ದ ಹೆಸರು. ಮೊದಲ ಎರಡು ಹಂತಹಂತವಾಗಿ ಹೋದವು. ಮೂರನೆಯದು ಒಂದೇ ಮಧ್ಯಾಹ್ನದಲ್ಲಿ ಹೋಯಿತು, ಅದೂ ಬೆವರಿನ ಜೊತೆ.

ಇಷ್ಟು ಖರ್ಚು ಯಾಕೆ ಮಾಡಿದಿರಿ ಎಂದು ನೀವು ಕೇಳಬೇಕು. ಕೇಳದೆ ಯಾರ ಮಾತನ್ನೂ ಒಪ್ಪಬಾರದು, ನನ್ನದನ್ನೂ. ಕಾರಣ, ನನ್ನ ಹೆಂಡತಿಯ ಹೊಲಿಗೆ ಮಷೀನು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಖಾಲಿ ಗೋಣಿಚೀಲ ಕೊಂಡು, ತೂತು ಹೊಲಿಸಿ, ಅಡತಿ ಅಂಗಡಿಗಳಿಗೆ ಕಾಳುಕಡಿ ತುಂಬಲು ಮಾರುವ ವ್ಯಾಪಾರದಿಂದ ನಾನು ಮೇಲೆ ಬಂದಿದ್ದೆ. ಮನೆ ಮಾತ್ರ ಹಳೆಯದೇ. ನಮ್ಮ ಕಡೆಯ ಹಳೆಯ ಮನೆಗಳು ಬಿಸಿಲಿನ ಜೊತೆ ಜಗಳಕ್ಕೆ ನಿಂತಂಥವು: ದಪ್ಪ ಗೋಡೆ, ಹೆಸರಿಗೊಂದು ಕಿಟಕಿ. ಬೇಸಿಗೆ ಬಂತೆಂದರೆ ನನ್ನ ಅವ್ವ ಬೆಳಗಿನ ಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ನೇರ ಬಾಗಿಲುಗಳ ಕಡೆ ಹೊರಡುತ್ತಿದ್ದಳು. ಎಲ್ಲಾ ಮುಚ್ಚಿ, ಸಂದಿಗೆಲ್ಲ ಹಳೆಯ ಅರಿವೆ ತುರುಕಿ, "ಇನ್ನ ಸಂಜಿ ತನಾ ಯಾರರೆ ಬಾಗಲಾ ತಗದ್ರ ನೋಡ್ರಿ ಮತ್ತ" ಎಂದು ಆರ್ಡರ್ ಹೊರಡಿಸುತ್ತಿದ್ದಳು. ಝಳ ಒಳಗೆ ಬರಬಾರದು. ಬರುತ್ತಿರಲಿಲ್ಲ. ಬೆಳಕೂ ಬರುತ್ತಿರಲಿಲ್ಲ.

ಆ ಕತ್ತಲಲ್ಲಿ ಹೆಂಡತಿ ಊರವರ ಕುಬಸ ಹೊಲಿಯುತ್ತಿದ್ದಳು. ಬೇಸಿಗೆಯೇ ಮದುವೆಯ ಕಾಲ, ಕೆಲಸವೆಲ್ಲ ಆಗಲೇ ಬರುವುದು. ಬಲ್ಬಿನ ಹಳದಿ ಬೆಳಕಿನಲ್ಲಿ ಒಮ್ಮೆ, ಅಫಜಲಪುರ ಕಡೆಯ ಕರಜಗಿಯಿಂದ ಬಂದಿದ್ದ ಹಸಿರು ಕುಬಸಕ್ಕೆ ನೀಲಿ ದಾರ ಹಾಕಿಬಿಟ್ಟಳು. ಅದನ್ನು ತಂದುಕೊಟ್ಟಿದ್ದ, ಮದುವೆ ಹುಡುಗಿಯ ದೊಡ್ಡಮ್ಮ ದೊಡ್ಡ ಆಳು, ದೊಡ್ಡ ದನಿ. ಓಣಿಯಲ್ಲಿ ನಿಂತು ಕುಬಸವನ್ನು ಬಾವುಟದ ಹಾಗೆ ಎತ್ತಿ ಹಿಡಿದರು. "ಯಾಕ ಬೇ, ಕಣ್ಣ ಮುಚ್ಚಿ ಹೊಲದೀ ಏನು? ನಮ್ಮ ಹುಡುಗಿ ಮದವಿಗಿ ಹೊಂಟಾಳೋ, ಸರ್ಕಸ್ಸಿಗಿ ಹೊಂಟಾಳೋ?"

ಅವತ್ತು ಹೆಂಡತಿ ಊಟ ಮಾಡಲಿಲ್ಲ. ಮಷೀನಿಗೆ ಬಟ್ಟೆ ಹೊದಿಸಿ ಬಂದು ಹೇಳಿದಳು: "ಮುಂದಿನ ಬ್ಯಾಸಗ್ಯಾಗ ಬೆಳಕಿನ್ಯಾಗ ಕುಂತು ಹೊಲಿಯೂದಾದ್ರ ಹೊಲಿತೇನಿ. ಇಲ್ಲಾಂದ್ರ ಮಷೀನ ಮಾರಿಬಿಡ್ರಿ. ಹೆಸರ ಕೆಡಿಸಿಕೊಂಡು ಹೊಲಿಯಾಂಗಿಲ್ಲ."

"ಹಿತ್ತಲದಾಗ ಕುಂದ್ರು" ಎಂದೆ.

"ಹಿತ್ತಲದಾಗ ಕುಂತ್ರ ಸೂಜಿಗಿ ದಾರ ಪೋಣಿಸೂದ್ರಾಗ ನಾನ ಹಪ್ಪಳಾಗಿರ್ತೇನಿ."

ಬೆಳಕು ಬೇಕು, ಬಿಸಿ ಬೇಡ. ಅಂದರೆ ಗಾಜಿನ ಕೋಣೆ, ಅದರಲ್ಲೊಂದು ಕೂಲರ್. ಸೋಲಾಪುರದ ವ್ಯಾಪಾರಿಯೊಬ್ಬರ ಮನೆಯಲ್ಲಿ ಕೂಲರಿನ ಎದುರು ಕೂತು ಬಂದ ದಿನದಿಂದ ಅದು ನನ್ನ ತಲೆಯಲ್ಲಿ ತಿರುಗುತ್ತಲೇ ಇತ್ತು.

ಗಾಜು ಸಿಕ್ಕಿದ್ದು ಜೇವರ್ಗಿಯಲ್ಲಿ. ಹಳೆಯ ಹೋಟೆಲೊಂದನ್ನು ಕೆಡವುತ್ತಿದ್ದರು. ಅದರ ಫ್ಯಾಮಿಲಿ ರೂಮಿಗೆ ಗಾಜಿನ ಚೌಕಟ್ಟುಗಳಿದ್ದವು. ಮಾಲಕರು ಚೌಕಟ್ಟು ಬಡಿದು ತೋರಿಸಿದರು. "ಸಾಗವಾನಿ ಕಟಗಿ ಅದರಿ ಸಾವಕಾರ್ರ!"

"ನಾ ಕಟಗಿ ನೋಡಾಕತ್ತಿಲ್ರಿ, ಭಜಿ ಎಣ್ಣಿ ಜಿಡ್ಡು ನೋಡಾಕತ್ತೇನಿ. ಇದನ್ನ ತೊಳಿಯೋರು ಯಾರು? ನೀವು ಬರ್ತೀರೇನು?"

"ತಗೊಳ್ಳೂದಿಲ್ಲಂದ್ರ ಬಿಡ್ರಿ."

"ಬಿಟ್ಟೆ" ಎಂದು ಚಪ್ಪಲಿ ಹಾಕಿಕೊಂಡೆ. ಎದ್ದು ಹೋಗುವಾಗ ಅವಸರ ಮಾಡಬಾರದು, ಚಪ್ಪಲಿಯ ಪಟ್ಟಿಯಲ್ಲಿ ಬೆರಳು ಸಿಗದವರ ಹಾಗೆ ಹುಡುಕಬೇಕು. ಎರಡನೆಯ ಚಪ್ಪಲಿ ಕಾಲಿಗೆ ಸೇರುವ ಮೊದಲೇ ಅವರು ಅರ್ಧಕ್ಕೆ ಇಳಿದರು, ಮೇಲೆ ಚಹಾನೂ ಕುಡಿಸಿದರು. ಗಾಜುಗಳನ್ನು ಗೋಣಿಚೀಲದಲ್ಲಿ ಸುತ್ತಿ, ನಮ್ಮೂರ ಮೇಲೆ ಹಾದು ಖಜೂರಿಗೆ ವಾಪಸು ಹೊರಟಿದ್ದ ಲಾರಿಯಲ್ಲಿ ಹೇರಿಸಿದೆ. ಒಂದೂ ಒಡೆಯಲಿಲ್ಲ. ಒಂದು ಗಾಜಿನ ಮೇಲೆ ಬಿಳಿ ಬಣ್ಣದಲ್ಲಿ 'ಉದ್ರಿ ಕೇಳಬೇಡಿರಿ' ಎಂದು ಬರೆದಿತ್ತು. ಕೆರೆದು ತೆಗೆಯುತ್ತೇನೆ ಎಂದ ಬಡಿಗನಿಗೆ, ಅದಕ್ಕೂ ಕೂಲಿ ಕೇಳುತ್ತಾನೆಂದು, ಇರಲಿ ಬಿಡು ಎಂದೆ.

ಹಿತ್ತಲಿನ ಉತ್ತರಕ್ಕೆ ಕೋಣೆ ಎದ್ದಿತು. ಮೇಲೆ ಶಹಾಬಾದ ಕಲ್ಲಿನ ಹಾಸು, ಅದರ ಮೇಲೆ ಮಣ್ಣು. ಮೂರು ಕಡೆ ಗಾಜು. ಇಲ್ಲಿಯವರೆಗೆ ಯಾವ ತಪ್ಪೂ ಇಲ್ಲ, ಬೇಕಾದರೆ ಬರೆದುಕೊಳ್ಳಿ. ಮುಂದಿನದು ನೋಡಿ. ತೆರೆಯಬಹುದಾದ ಚೌಕಟ್ಟುಗಳನ್ನೆಲ್ಲ ನಾನು ಮೊಳೆ ಹೊಡೆಸಿ ಮುಚ್ಚಿಸಿದೆ. ಸೋಲಾಪುರದಿಂದ ತಂದ ಕೂಲರನ್ನು, ಅಂದರೆ ಮೂರು ಕಡೆ ಹುಲ್ಲಿನ ತಟ್ಟಿ, ತಳದಲ್ಲಿ ನೀರು, ನಡುವೆ ಫ್ಯಾನಿರುವ ಆ ತಗಡಿನ ಡಬ್ಬಿಯನ್ನು, ಕೋಣೆಯ ಒಳಗೇ ಮೂಲೆಯಲ್ಲಿ ಇಡಿಸಿದೆ. ಹೊರಗಿಟ್ಟರೆ ಪಕ್ಕದ ಮನೆಯವರಿಗೆ ತಂಪು ಫುಕಟ್ಟೆ ಸಿಗುತ್ತದಲ್ಲ! ಅವ್ವ ನನ್ನ ಜಾಣತನ ಮೆಚ್ಚಿಕೊಂಡು, ಹೆಂಡತಿಯ ಹೊಲಿಗೆಯ ಚಿಂದಿಯನ್ನೆಲ್ಲ ತಂದು ಉಳಿದ ಸಂದಿಗಳಿಗೆ ತುರುಕಿದಳು. ಇರುವೆಯೂ ಉಸಿರಾಡದಂಥ ಕೋಣೆ.

ಮರುಬೇಸಿಗೆ ಬಂದೊಡನೆ ಹೆಂಡತಿ ಅದೇ ಕರಜಗಿಯ ದೊಡ್ಡಮ್ಮನಿಗೆ ಹೇಳಿ ಕಳಿಸಿದಳು. ಅವರ ಮನೆಯಲ್ಲಿ ಇನ್ನೊಂದು ಮದುವೆ ಇತ್ತು. ಅವರು ಬಂದು, ಬೆಳಕು ನೋಡಿ, ಬಟ್ಟೆ ಕೊಟ್ಟರೆ ಮಷೀನು ಉಳಿಯುತ್ತದೆ. ಇಲ್ಲವಾದರೆ ಅದಕ್ಕೆ ಗಿರಾಕಿ ಹುಡುಕುವ ಕೆಲಸ ನನ್ನದು.

ಸುಡುವ ಮಧ್ಯಾಹ್ನ ದೊಡ್ಡಮ್ಮ ಬಂದರು. ಕೋಣೆಗೆ ಕಾಲಿಟ್ಟವರೇ ಗಾಜಿನ ಮೇಲಿನ ಅಕ್ಷರ ಓದಿದರು. "ಕರದು ಕುಂದರಿಸಿ ಉದ್ರಿ ಕೇಳಬ್ಯಾಡ್ರಿ ಅಂತೀರೇನ್ರಿ? ಭಜಿ ಎಲ್ಲದ?"

ಅವ್ವ ಬಾಗಿಲು ಹಾಕಿ, ಅದರ ಬುಡಕ್ಕೆ ದಪ್ಪ ಅರಿವೆ ತುರುಕಿ, ಮಣೆ ಹಾಕಿಕೊಂಡು ಅಲ್ಲೇ ಕೂತಳು. ನಾನು ಗುಂಡಿ ಒತ್ತಿದೆ. ಆಹಾ! ಮೊದಲ ಗಾಳಿ ಮುಖಕ್ಕೆ ಬಡಿದಾಗ ದೊಡ್ಡಮ್ಮ ಕಣ್ಣು ಮುಚ್ಚಿ "ಮಸ್ತ್ ಅದರಿ" ಎಂದರು. ನಾನು ಮೀಸೆ ಮುಟ್ಟಿಕೊಂಡೆ.

ಸ್ವಲ್ಪ ಹೊತ್ತಿಗೆ ಗಾಜು ಮಬ್ಬಾಯಿತು. ಇನ್ನೂ ಸ್ವಲ್ಪ ಹೊತ್ತಿಗೆ ಗಾಜಿನ ಮೇಲಿಂದ ನೀರಿಳಿಯಿತು. ಹೆಂಡತಿ ಅಳತೆಗೆಂದು ಕತ್ತರಿಸಿಟ್ಟಿದ್ದ ಕಾಗದ ಬೇಯಿಸಿದ ಪುಂಡಿಪಲ್ಯದ ಹಾಗೆ ಜೋತುಬಿತ್ತು. ತಟ್ಟೆಯಲ್ಲಿಟ್ಟಿದ್ದ ಹಪ್ಪಳ ಚಪಾತಿಯಾಗಿ ಮಡಚಿಕೊಂಡಿತು. ದೊಡ್ಡಮ್ಮನ ಹಣೆಯ ವಿಭೂತಿ ಕರಗಿ ಮೂಗಿನ ತುದಿಯವರೆಗೆ ಬಂತು. ನಾನು ಇನ್ನೊಂದು ಕೊಡ ನೀರು ಸುರಿದೆ. ಕೋಣೆ ಇನ್ನಷ್ಟು ಕುದಿಯಿತು.

"ಏನ್ರಿ ಸಾವಕಾರ್ರ, ಹೊರಗ ಬಿಸಲು ಹುರಿತಿತ್ರಿ, ಒಳಗ ಕರದು ಕಡಬಿನಂಗ ಕುದಸಾಕತ್ತೀರಲ್ರಿ! ಬಾಗಲಾ ತಗೀರಿ!"

"ತಗದ್ರ ಝಳ ಬರ್ತದ!" ಎಂದಳು ಅವ್ವ, ಸೆರಗು ಹಿಂಡುತ್ತ.

"ಬರಲೇಳು ಬೇ ಎಕ್ಕಾ, ಬದುಕಿದ್ರ ಅಲ್ಲೇನು ಝಳ!"

ನಾನು ಬಾಗಿಲು ಎಳೆದೆ. ಬುಡಕ್ಕಿದ್ದ ಅರಿವೆ ಕೂಲರಿನಿಂದ ಸೋರಿದ ನೀರು ಕುಡಿದು ಊದಿತ್ತು. ಬಾಗಿಲು ಬರಲಿಲ್ಲ, ಹಿಡಿಕೆ ಬಂತು. ಹಿಡಿಕೆ ಹಿಡಿದು ನಿಂತ ನನ್ನನ್ನು ಹೆಂಡತಿ ನೋಡಿದಳು. ನಗಲಿಲ್ಲ. ಮಷೀನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಆ ಒಂದು ಗಳಿಗೆ ನನಗೂ ನಗು ಬರಲಿಲ್ಲ.

ದೊಡ್ಡಮ್ಮ ತಂಪು ಹುಡುಕುತ್ತ ಕೂಲರಿನ ಹಿಂದಕ್ಕೇ ನುಗ್ಗಿ, ಅಲ್ಲಿದ್ದ ಗಾಜಿನ ಚೌಕಟ್ಟಿಗೆ ಬೆನ್ನು ಕೊಟ್ಟರು. ಚೌಕಟ್ಟು 'ಕಿರ್' ಎಂದಿತು. ಮೊಳೆ ಕಿತ್ತು, ಗಾಜು ಸಮೇತ ಹಿತ್ತಲಿಗೆ ಹಾರಿತು. ನನ್ನ ಗೋಣಿಚೀಲದ ರಾಶಿಯ ಮೇಲೆ ಬಿದ್ದು 'ಉದ್ರಿ ಕೇಳಬೇಡಿರಿ' ಎಂದು ಆಕಾಶಕ್ಕೆ ತೋರಿಸುತ್ತ ಮಲಗಿತು. ದೊಡ್ಡಮ್ಮ ಕೂಲರನ್ನು ತಬ್ಬಿ ಹಿಡಿದು ನಿಂತರು. ಆ ತೂತಿನಿಂದ ಝಳ ನುಗ್ಗಿತು. ಅವ್ವ "ಮುಚ್ಚಲೇ, ಮುಚ್ಚಲೇ!" ಎಂದು ಎದ್ದಳು. ಅವಳು ಎದ್ದಳು, ಮಣೆ ಸರಿಯಿತು, ನಾನು ಒದ್ದೆ ಅರಿವೆ ಕಿತ್ತೆಳೆದೆ, ಬಾಗಿಲು ಧಡಾರನೆ ತೆರೆಯಿತು.

ಎಲ್ಲರೂ ಬೆಂದು ಹೋಗುತ್ತೇವೆ ಎಂದುಕೊಂಡೆ. ಆದದ್ದು ಬೇರೆ. ಹೊರಗಿನ ಒಣ ಝಳ ಒದ್ದೆ ತಟ್ಟಿಯಲ್ಲಿ ಹಾದು ತಣ್ಣಗಾಗಿ ಬಂತು. ಒಳಗಿನ ಹಬೆಯನ್ನು ಬಾಗಿಲಿನಿಂದ ಹೊರಗೆ ದಬ್ಬಿತು. ಗಾಜು ತಿಳಿಯಾಯಿತು. ಕೋಣೆಯ ತುಂಬ ಬೆಳ್ಳನೆಯ ಬೆಳಕು, ಹುಲ್ಲಿನ ವಾಸನೆಯ ತಂಪು.

ಅವ್ವ ಬಾಗಿಲಲ್ಲಿ ಕೈ ಚಾಚಿ ನೋಡಿದಳು. ತೂತಿನ ಕಡೆ ನೋಡಿದಳು. ಮತ್ತೆ ಕೈ ನೋಡಿಕೊಂಡಳು. "ಹಂಗಾರ ನಾ ಇಷ್ಟ ವರ್ಷ ಹೊರಗ ಹಾಕಿದ್ದ ಝಳನ ತಂಪಾಗಿ ಬರಾಕತ್ತದೇನ್ಲೇ?" ಎಂದು ಕೇಳಿ, ಜೋರಾಗಿ ನಕ್ಕುಬಿಟ್ಟಳು. ಆಮೇಲೆ ತಡೆಯುವವರಾರು! ದೊಡ್ಡಮ್ಮ ಮೂಗಿನ ವಿಭೂತಿ ಒರೆಸಿಕೊಳ್ಳುತ್ತ ನಕ್ಕರು, ನಾನು ಹಿಡಿಕೆ ಹಿಡಿದುಕೊಂಡೇ ನಕ್ಕೆ.

ನಗು ಇಳಿದ ಮೇಲೆ ದೊಡ್ಡಮ್ಮ ಚೀಲದಿಂದ ಎರಡು ದಾರದ ಉಂಡೆ ತೆಗೆದರು. "ಹೇಳು ಬೇ, ಹಸಿರು ಯಾವುದು?"

ಹೆಂಡತಿ ಕೈಗೂ ತೆಗೆದುಕೊಳ್ಳಲಿಲ್ಲ. "ಎಡಗೈಯಾಗಿಂದು ಹಸಿರ್ರಿ, ಗಿಳಿ ಹಸಿರು. ಬಲಗೈಯಾಗಿಂದು ನೀಲಿ. ಮತ್ತ ನೀವು ಉಟ್ಟ ಸೀರಿಗಿ ಯಾರೋ ಕರಿ ದಾರದಲೆ ಫಾಲ್ ಹಚ್ಯಾರ, ಅದು ಕಂದು ಇರಬೇಕಿತ್ರಿ."

ದೊಡ್ಡಮ್ಮ ಸೀರೆಯಂಚು ಎತ್ತಿ ನೋಡಿದರು. ಬಟ್ಟೆಯ ಗಂಟು ಪೂರ್ತಿ ಮಷೀನಿನ ಮುಂದೆ ಇಟ್ಟರು. ನಂತರ ನನ್ನ ಕಡೆ ತಿರುಗಿ, "ಕೂಲರ್ ಹೆಂಗ ನಡಸಬೇಕಂತ ನಾ ಕಲಿಸೇನಿ. ಹೊಲಿಗಿ ಅರ್ಧಾ ರೇಟಿಗಿ" ಎಂದು ಚಪ್ಪಲಿ ಹಾಕಿಕೊಳ್ಳತೊಡಗಿದರು, ನಿಧಾನವಾಗಿ, ಪಟ್ಟಿಯಲ್ಲಿ ಬೆರಳು ಸಿಗದವರ ಹಾಗೆ. ಎರಡನೆಯ ಚಪ್ಪಲಿಗೆ ಮೊದಲೇ ನಾನು ಒಪ್ಪಿದೆ. ಹೆಂಡತಿ ಆಗ ನಕ್ಕಳು, ಅವತ್ತಿನ ಮೊದಲ ನಗು.

ಇನ್ನು ನಿಮಗೆ. ಕೂಲರಿನ ಬೆನ್ನು ಹೊರಗಿರಲಿ, ಬಾಯಿ ಒಳಗಿರಲಿ. ಅದರ ಎದುರಿಗೆ ಗಾಳಿ ಹೊರಗೆ ಹೋಗಲು ಒಂದು ಕಿಟಕಿ ತೆರೆದಿಡಿ. ಮನೆಯ ಹಿರಿಯರು ಮುಚ್ಚಲು ಬರುತ್ತಾರೆ, ಆ ಕಿಟಕಿಯ ಉಸ್ತುವಾರಿ ಅವರಿಗೇ ಕೊಡಿ, ನಮ್ಮ ಅವ್ವನಂತೆ ನಿಷ್ಠೆಯಿಂದ ಕಾಯುತ್ತಾರೆ. ಗಾಜು ಉತ್ತರಕ್ಕಿರಲಿ. ಪಡುವಣಕ್ಕೆ ಹಸಿ ಗೋಣಿಚೀಲ ಇಳಿಬಿಡಿ, ಒಳ್ಳೆಯವು ಬೇಕಾದರೆ ನನ್ನಲ್ಲಿವೆ. ಮಳೆಗಾಲ ಶುರುವಾದೊಡನೆ ಕೂಲರ್ ಬಂದ್ ಮಾಡಿ. ಹಸಿ ಹವೆಯಲ್ಲಿ ಅದು ಯಾವ ಕೆಲಸಕ್ಕೂ ಬರದು. ಹಳೆಯ ಗಾಜಿನ ಮೇಲೆ ಏನಾದರೂ ಬರೆದಿದ್ದರೆ ಕೆರೆಯಬೇಡಿ. ನಮ್ಮದನ್ನು ಹೆಂಡತಿ ಮಷೀನಿನ ಮೇಲುಗಡೆಯೇ ಮತ್ತೆ ಕೂರಿಸಿಕೊಂಡಳು, ಗಿರಾಕಿಗಳು ಓದಲಿ ಎಂದು. ಮತ್ತೆ ಮೊದಲ ದಿನ ಊರಿನಲ್ಲೇ ಎಲ್ಲರಿಗಿಂತ ಹೆಚ್ಚು ತಪ್ಪು ಹುಡುಕುವವರನ್ನು ಕರೆಯಿರಿ. ಆದರೆ ಅವರು ಒಳಗೆ ಬಂದ ಕೂಡಲೇ ಚಪ್ಪಲಿಯನ್ನು ತೆಗೆದು ದೂರ ಇಡಿಸಿಬಿಡಿ.