ಪಂಪ್‌ಹೌಸಿಗೆ ಹಿಡಿಸುವಷ್ಟು ಕರ್ನೆಲ್

ಪಾಂಡವಪುರದ ಹತ್ತಿರದ ನಮ್ಮೂರಿನಲ್ಲಿ ನೀರುಗಂಟಿಗೆ ರಜೆ ಅನ್ನುವುದೇ ಇಲ್ಲ. ತ್ರೀ ಫೇಸ್ ಕರೆಂಟು ಯಾವಾಗ ಬರುತ್ತದೋ ಆಗ ಮೋಟರು ಹಾಕಬೇಕು, ಊರ ಟ್ಯಾಂಕು ತುಂಬಿದ ತಕ್ಷಣ ಆರಿಸಬೇಕು. ನಮ್ಮ ನೀರುಗಂಟಿಯ ಬದಲಿಗೆ ಕೂತವನಿಗೆ ಹಿಂದೊಮ್ಮೆ ಮೋಟರಿನ ಹಳೇ ಸ್ಟಾರ್ಟರು ಶಾಕು ಹೊಡೆದ ಮೇಲೆ ಇವನು ಬೇರೆ ಯಾರನ್ನೂ ಅದರ ಹತ್ತಿರ ಬಿಡುವುದಿಲ್ಲ. ಇವನ ಹೆಂಡತಿಯ ಒಂದು ಕಣ್ಣಿಗೆ ಆಪರೇಷನ್ ಆದಾಗ ಮೈಸೂರಿನ ಆಸ್ಪತ್ರೆಗೆ ಜೊತೆಗೆ ಹೋದವಳು ಪಕ್ಕದ ಮನೆಯಾಕೆ. ಇವನು ಪಂಪ್‌ಹೌಸಿನಲ್ಲೇ ಕೂತಿದ್ದ. ನಾನು ಅಣ್ಣ ಅಂತಲೇ ಕರೆಯುವ ಈ ನೀರುಗಂಟಿ, ಇನ್ನೊಂದು ಕಣ್ಣಿಗೆ ದಿನ ಗೊತ್ತಾದಾಗ ನಮ್ಮ ಮನೆಗೆ ಬಂದ.

"ಈ ಸಲ ನಾನೇ ಓಗ್ಬೇಕು ಕಣವ್ವ. ಅದೇನೋ ಮಿಷನ್ನು ಮಾಡ್ತೀಯಂತಲ್ಲ, ಒಂದಿನ ನನ್ ಕೆಲ್ಸ ಅದು ನೋಡ್ಕತದಾ?"

ನೋಡಿಕೊಳ್ಳುತ್ತದೆ ಅಂದುಬಿಟ್ಟೆ. ಅಂದ ಮೇಲೆ ಮಾಡಲೇಬೇಕಲ್ಲ.

ನನ್ನ ಹತ್ತಿರ ಇದ್ದದ್ದು ಯಾರೋ ಬಿಸಾಡಿದ್ದ ಎರಡು ಹಳೇ ವೈಫೈ ಡಬ್ಬಿಗಳು. ಒಂದು ಟ್ಯಾಂಕಿನ ಮೇಲೆ ಕೂತು ನೀರಿನ ಮಟ್ಟ ಹೇಳಬೇಕು, ಇನ್ನೊಂದು ಪಂಪ್‌ಹೌಸಿನಲ್ಲಿ ಅದನ್ನು ಕೇಳಿಸಿಕೊಂಡು ಮೋಟರು ಹಾಕಿ ಆರಿಸಬೇಕು. ತೊಂದರೆಯೆಲ್ಲ ಜಾಗದ್ದು. ಅವುಗಳ ಮೆಮೊರಿ ಈಗಿನ ಫೋನಿನ ಒಂದು ಫೋಟೋಗೂ ಸಾಲದು. ಅಷ್ಟರಲ್ಲೇ ಕರ್ನೆಲ್ ಹಿಡಿಸಬೇಕು. ಕರ್ನೆಲ್ ಅಂದರೆ ಯಂತ್ರದ ತಳದಲ್ಲಿ ಕೂತು ಉಳಿದ ಪ್ರೋಗ್ರಾಮುಗಳಿಗೆಲ್ಲ ಕೆಲಸ ಹಂಚುವ ಮೂಲ ತಂತ್ರಾಂಶ. ಜಗತ್ತಿನ ಯಾವ್ಯಾವುದೋ ಯಂತ್ರಕ್ಕೆ ಬೇಕಾದದ್ದೆಲ್ಲ ಅದರಲ್ಲಿ ತುಂಬಿರುತ್ತದೆ. ನಮ್ಮೂರ ಮೋಟರಿಗೆ ಸೌಂಡ್ ಕಾರ್ಡು ಯಾಕೆ? ಜಾಯ್‌ಸ್ಟಿಕ್ಕು ಯಾಕೆ? ಜಾಸ್ತಿ ಮೆಮೊರಿ ಇರುವ ದೊಡ್ಡ ಬೋರ್ಡು ತರಿಸು ಅಂದಳು ನನ್ನ ಗೆಳತಿಯೊಬ್ಬಳು. ಮೋಟರು ಹಾಕಿ ಆರಿಸುವುದಕ್ಕೆ ದೊಡ್ಡ ಬೋರ್ಡಂತೆ! ನನಗೆ ಹಠ ಹಿಡಿಯಿತು. ಒಂದೊಂದೇ ತೆಗೆದೆ, ಓಡಿಸಿ ನೋಡಿದೆ. ಬೇಕಾದದ್ದನ್ನೇ ಕಿತ್ತು ಡಬ್ಬಿ ಮಂಕು ಬಡಿದಂತೆ ಕೂತಾಗ ಬೈದುಕೊಂಡು ವಾಪಸ್ ಹಾಕಿದೆ. ಕೊನೆಗೂ ಹಿಡಿಸಿತು, ಚೂರೂ ಜಾಗ ಉಳಿಯದಂತೆ. ಮನೆಯ ಮೇಜಿನ ಮೇಲೆ ಎರಡೂ ಡಬ್ಬಿ ಚೆನ್ನಾಗಿ ಮಾತಾಡಿಕೊಂಡವು. ಒಯ್ದು ಅವುಗಳ ಜಾಗದಲ್ಲಿ ಕೂರಿಸಿ ಬಂದೆ, ಸ್ಟಾರ್ಟರಿಗೆ ತಂತಿಯನ್ನು ಮಾತ್ರ ಅಣ್ಣನೇ ಜೋಡಿಸಿದ.

ಮರುದಿನ ಅಮಾವಾಸ್ಯೆ. ಅಪ್ಪ ಮರಗೆಲಸದವರು, ನಮ್ಮ ಆಚಾರ್ರ ಮನೆಗಳಲ್ಲಿ ಅವತ್ತು ಯಾರೂ ಕೆಲಸದ ಸಾಮಾನು ಮುಟ್ಟುವುದಿಲ್ಲ. ನಾನು ಲ್ಯಾಪ್‌ಟಾಪ್ ತೆರೆದೆ.

"ಅಮಾಸೆ ದಿನ ಉಳಿ ಮುಟ್ಟಂಗಿಲ್ಲ ಅಂತ ಗೊತ್ತಿಲ್ವೇನವ್ವ?" ಅಂದರು ಅಪ್ಪ.

"ಇದು ಉಳಿ ಅಲ್ಲಪ್ಪ."

"ಅದೇನೋ ಕೆತ್ತಿ ಕೆತ್ತಿ ಚಿಕ್ಕದು ಮಾಡ್ತಿದೀನಿ ಅಂತ ನೀನೇ ಅಂತಿದ್ದೆ. ಕೆತ್ತದು ಅಂದ್ಮೇಲೆ ಉಳೀನೇ. ಮುಚ್ಚಿಡು."

ಲ್ಯಾಪ್‌ಟಾಪ್ ಮುಚ್ಚಿಟ್ಟೆ. ಸಿಡುಕಿಕೊಂಡೇ ಪಂಪ್‌ಹೌಸಿಗೆ ಹೋಗಿ ಸುಮ್ಮನೆ ಕೂತೆ. ಕರೆಂಟು ಬಂತು, ಡಬ್ಬಿಯ ದೀಪ ಹತ್ತಿತು. ಕರೆಂಟು ಹೋಯಿತು, ಬಂತು, ಮಂಕಾಯಿತು, ಮತ್ತೆ ಬಂತು. ಅದು ಸರಿಯಾದ ಮೇಲೂ ಡಬ್ಬಿ ಏಳಲಿಲ್ಲ. ನೀರುಗಂಟಿ ಅಣ್ಣ ಅದನ್ನೊಮ್ಮೆ ನೋಡಿದ, ನನ್ನನ್ನೊಮ್ಮೆ ನೋಡಿದ, ಎದ್ದು ಹೋಗಿ ತಾನೇ ಮೋಟರು ಹಾಕಿದ. ಬೈದಿದ್ದರೇ ಚೆನ್ನಾಗಿತ್ತು, ಅಳು ಬರುವಷ್ಟು ನಾಚಿಕೆಯಾಯಿತು.

ನಮ್ಮ ಮನೆಯಲ್ಲಿ ಯುಪಿಎಸ್ ಇದೆ, ಮೇಜಿನ ಮೇಲೆ ಕರೆಂಟು ಅಲ್ಲಾಡುವುದೇ ಇಲ್ಲ. ಆ ಧೈರ್ಯದಲ್ಲಿ ನಾನು ಕರ್ನೆಲ್ಲಿನಿಂದ ವಾಚ್‌ಡಾಗನ್ನು ಕಿತ್ತುಹಾಕಿದ್ದೆ. ಯಂತ್ರ ಉಸಿರೆತ್ತದೆ ಕೂತರೆ ತಾನಾಗಿ ಮತ್ತೆ ಎಬ್ಬಿಸುವ ಸಣ್ಣ ಕಾವಲು ಅದು. ವಾಪಸ್ ಹಾಕಬೇಕು, ಜಾಗ ಇಲ್ಲ. ತೆಗೆಯುವುದಕ್ಕೆ ಉಳಿದಿದ್ದದ್ದು ಸಂದೇಶಗಳು ಮಾತ್ರ. ಕರ್ನೆಲ್ ಏಳುವಾಗ ಇದು ಮಾಡಿದೆ, ಇಲ್ಲಿ ತಪ್ಪಾಯಿತು ಅಂತ ಸಾಲು ಸಾಲಾಗಿ ಹೇಳುತ್ತಾ ಹೋಗುತ್ತದೆ. ಅಷ್ಟು ದಿನ ಅದನ್ನು ಓದಿಕೊಂಡೇ ನಾನು ದಾರಿ ಹುಡುಕಿದ್ದು. ಅದೂ ಹೋದರೆ ಡಬ್ಬಿ ಯಾಕೆ ನಿಂತಿತು ಅಂತ ನನಗೆ ತಿಳಿಯುವುದೇ ಇಲ್ಲ. ಭಯವಾಯಿತು. ಆದರೆ ಆ ಸಾಲುಗಳು ಬೇಕಿದ್ದದ್ದು ನನಗೆ. ಅಣ್ಣನಿಗೆ ಬೇಕಿದ್ದದ್ದು ಬಿದ್ದರೂ ಏಳುವ ಡಬ್ಬಿ. ಪಾಡ್ಯದ ಬೆಳಿಗ್ಗೆ ಅಷ್ಟನ್ನೂ ಕಿತ್ತು ವಾಚ್‌ಡಾಗ್ ಹಾಕಿದೆ.

ಆಪರೇಷನ್ನಿನ ದಿನ ಗಂಡಹೆಂಡತಿಯನ್ನು ಬಸ್ಸು ಹತ್ತಿಸಿ ಪಂಪ್‌ಹೌಸಿನಲ್ಲಿ ಕೂತೆ. ಸ್ಟಾರ್ಟರು ಮುಟ್ಟುವುದಿಲ್ಲ ಅಂತ ಮಾತು ಕೊಟ್ಟಿದ್ದೆ. ಡಬ್ಬಿ ಕೈಕೊಟ್ಟರೆ ಅವನಿಗೆ ಫೋನ್ ಮಾಡಬೇಕು, ಅವನು ಹೆಂಡತಿಯನ್ನು ಆಸ್ಪತ್ರೆಯಲ್ಲಿ ಬಿಟ್ಟು ಬರಬೇಕು. ಕರೆಂಟು ಬಂತು, ಹೋಯಿತು, ಬಂತು. ಡಬ್ಬಿಯ ದೀಪ ಆರಿತು. ಲ್ಯಾಪ್‌ಟಾಪಿನಲ್ಲಿ ಒಂದಕ್ಷರ ಮೂಡಲಿಲ್ಲ. ಏಳೇ, ಎದ್ದೇಳೇ ಅಂತ ಗಟ್ಟಿಯಾಗಿಯೇ ಗದರಿದೆ. ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಸ್ಟಾರ್ಟರು ಟಪ್ ಅಂದು ಮೋಟರು ತಿರುಗಿತು. ನಾನು ಒಬ್ಬಳೇ ಜೋರಾಗಿ ನಕ್ಕೆ.

ಮಧ್ಯಾಹ್ನ ಅಣ್ಣನ ಫೋನು ಬಂತು. ಟ್ಯಾಂಕು ತುಂಬಿದೆ ಅನ್ನಲು ಬಾಯಿ ತೆರೆದೆ.

"ಆಯ್ತು ಕಣವ್ವ, ಕಣ್ಗೆ ಬಟ್ಟೆ ಕಟ್ಟವ್ರೆ. ನನ್ ಕೈ ಇಡ್ಕೊಂಡವ್ಳೆ, ಬುಡ್ತಾನೇ ಇಲ್ಲ," ಅಂದ.

ನೀರಿನ ಸುದ್ದಿಯನ್ನು ಅವನು ಎತ್ತಲೇ ಇಲ್ಲ.