ಟೇಲರ್ ಅಕ್ಕನ ಎರಡು ಕ್ಯಾಸೆಟ್

ಕಳೆದ ವಾರ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಮನಸ್ಸು ಶಿಕಾರಿಪುರದ ಅಂಗಡಿಯೊಂದರಲ್ಲಿ ಹೋಗಿ ಕೂತಿತು. ತೊಂಬತ್ತರ ದಶಕದ ನಡುಭಾಗ, ನನ್ನ ಪಿಯುಸಿ ಮುಗಿದ ರಜೆ. ಮಗಳು ಮನೆಯಲ್ಲಿ ಬಿದ್ದುಕೊಂಡು ಕೆಡುತ್ತಾಳೆಂದು ಅಮ್ಮ ನನ್ನನ್ನು ನಮ್ಮ ಬೀದಿಯ ಟೇಲರ್ ಅಕ್ಕನ ಬಳಿ ಹೊಲಿಗೆ ಕಲಿಯಲು ಕಳಿಸಿದ್ದಳು. ಅಲ್ಲಿ ಎರಡು ವಿದ್ಯೆ ಸಿಕ್ಕವು. ಹೊಲಿಗೆ ಕೈಹಿಡಿಯಿತು, ಇನ್ನೊಂದರಲ್ಲಿ ಇವತ್ತಿಗೂ ನಾನು ದಡ್ಡಿ.

ಆ ಇನ್ನೊಂದು ಟಿವಿ ಗೇಮ್. ಅಳತೆ ಕೊಡಲು ಬರುವ ಹೆಂಗಸರ ಮಕ್ಕಳು ಗಲಾಟೆ ಮಾಡದಿರಲಿ ಎಂದು ಅಕ್ಕನ ಸೋದರಮಾವ ಶಿವಮೊಗ್ಗದಿಂದ ತಂದುಕೊಟ್ಟಿದ್ದರು. ಜೊತೆಗೆ ಒಂದೇ ಒಂದು ಕ್ಯಾಸೆಟ್. ಕಪ್ಪು ಆಕಾಶದಲ್ಲಿ ಪುಟ್ಟ ನೌಕೆ, ಮೇಲಿಂದ ಸಾಲುಸಾಲಾಗಿ ಇಳಿಯುವ ಶತ್ರುಗಳು. ಮಕ್ಕಳಿಗಿಂತ ಹೆಚ್ಚು ಹುಚ್ಚು ಹಿಡಿದದ್ದು ಅಕ್ಕನಿಗೆ. ಗಿರಾಕಿಗಳಿಲ್ಲದ ಮಧ್ಯಾಹ್ನ ಸ್ಟೂಲಿನ ಮೇಲೆ ಕೂತರೆಂದರೆ ಏಳುತ್ತಿರಲಿಲ್ಲ. ಒಂದು ಸಲ ಗುಂಡಿ ಒತ್ತಿದರೆ ಒಂದೇ ಗುಂಡು ಹಾರುವ ಆಟ ಅದು. ಅಕ್ಕನ ಹೆಬ್ಬೆರಳು ಟಕಟಕ ಎನ್ನುತ್ತಿದ್ದರೆ ಕೆಳಗೆ ಪಾದ ಯಂತ್ರ ತುಳಿದಂತೆ ತಾನಾಗಿಯೇ ಆಡುತ್ತಿತ್ತು. ನಮ್ಮ ಬೀದಿಯಲ್ಲಿ ಅವರನ್ನು ಸೋಲಿಸಿದವರಿಲ್ಲ.

ಹೊಲಿಗೆ ಯಂತ್ರ ಅತ್ತೆಯದು, ಮಳಿಗೆ ಮೈದುನನದು, ಟಿವಿ ಗಂಡನದು. "ಇದೊಂದು ನಂದು ಕಣೇ" ಎಂದು ಅಕ್ಕ ಆ ಕ್ಯಾಸೆಟ್ಟನ್ನು ಸಂಜೆಯಾದರೆ ರವಿಕೆ ಕಣದಲ್ಲಿ ಸುತ್ತಿ ಮನೆಗೆ ಒಯ್ಯುತ್ತಿದ್ದರು.

ಒಂದು ದಿನ ಸೊರಬದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದವರೊಬ್ಬರು ಮಗಳ ಮದುವೆಯ ರವಿಕೆಗಳನ್ನು ಹೊಲಿಯಲು ಕೊಡಲು ಬಂದರು. ಅಕ್ಕ ಆಡುವುದನ್ನು ನೋಡಿ ನಕ್ಕರು. "ಇದು ಹಳೇದಾಯ್ತು ಮಾರಾಯ್ರೆ. ಇದರ ಎರಡನೇದು ನನ್ನ ಹತ್ರ ಬಂದಿದೆ. ಅದರ ಮುಂದೆ ಇದು ಮಕ್ಕಳಾಟ."

ಅಕ್ಕನಿಗೆ ಚುರ್ ಎಂದಿತು. "ಮೊದಲ್ನೇದು ಬಂದೋರಿಗೆ ಎರಡ್ನೇದು ಬರದೇ ಇರ್ತದೇನ್ರೀ? ತಗಂಬರ್ರಿ, ನೋಡೇಬಿಡಾಣ. ಸೋತೋರ ಕ್ಯಾಸೆಟ್ ಗೆದ್ದೋರಿಗೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವರು ಹೋದಮೇಲೆ ಅಕ್ಕನ ಮುಖ ಬಿಳಿಚಿತು. ಎರಡನೆಯದನ್ನು ಅಕ್ಕ ಕಣ್ಣಿಂದಲೂ ಕಂಡಿರಲಿಲ್ಲ. ಬೇಡವೆಂದು ಹೇಳಿ ಕಳಿಸಿ ಎಂದು ನಾನು ಗೋಗರೆದರೂ ಕೇಳಲಿಲ್ಲ. ಆ ವಾರ ಎರಡು ರವಿಕೆಗಳ ತೋಳು ತಿರುವುಮುರುವಾಗಿ ಕೂತವು...

ಭಾನುವಾರ ಮಧ್ಯಾಹ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸೊರಬದವರು ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಹಾಕಿದರು. ಮೊದಲನೆಯದು ಮನೆ ಊಟವಾದರೆ ಇದು ಬೀಗರೂಟ! ಕೆಂಪು ಗ್ರಹ, ಉರಿಯುವ ಬೆಟ್ಟ, ಎದೆ ನಡುಗಿಸುವ ಸಂಗೀತ. ನೌಕೆಯೂ ದೊಡ್ಡದು, ಹಾಗಾಗಿ ಏಟು ಬೀಳುವುದೂ ಸುಲಭ. ಒಬ್ಬೊಬ್ಬರಿಗೆ ಮೂರು ನೌಕೆ. ಸೊರಬದವರು ಮೂರರಲ್ಲಿ ನಲವತ್ತು ಸಾವಿರ ಅಂಕ ದಾಟಿಸಿ ಎದ್ದರು. ನಾವೆಲ್ಲ ಪರದೆ ನೋಡಿದೆವೇ ಹೊರತು ಅವರ ಹೆಬ್ಬೆರಳನ್ನು ಯಾರೂ ನೋಡಲಿಲ್ಲ.

ಅಕ್ಕ ಹಳೆಯ ಆಟವನ್ನೇ ಆಡಿದರು. ಟಕಟಕ ಟಕಟಕ. ಗುಂಡುಗಳು ಹೋಗಿ ಶತ್ರುಗಳಿಗೆ ತಾಗಿದರೂ ಅವು ಜಗ್ಗಲಿಲ್ಲ. ಮೊದಲ ನೌಕೆ ಹೋಯಿತು. ಎರಡನೆಯದೂ ಹೋಯಿತು. ಸೊರಬದವರು ಮೀಸೆಯಡಿ ನಗುತ್ತ "ನಿಮ್ಮ ಕ್ಯಾಸೆಟ್ ಒರೆಸಿ ಇಡಿ ಅಕ್ಕಾ" ಎಂದರು. ನನಗೆ ಅಳು ಬಂತು.

ಮೂರನೆಯ ನೌಕೆಯಲ್ಲಿ ಹೆಬ್ಬೆರಳು ಸೋತಿತೋ ಏನೋ, ಅಕ್ಕ ಗುಂಡಿಯನ್ನು ಒತ್ತಿ ಹಿಡಿದು ಅರೆಗಳಿಗೆ ಹಾಗೆಯೇ ಉಳಿದರು. ನೌಕೆಯ ಮೂತಿಯಲ್ಲಿ ನೀಲಿ ಬೆಳಕು ಉಬ್ಬಿತು. ಬೆರಳು ಬಿಟ್ಟದ್ದೇ ಅದು ಒಂದಿಡೀ ಸಾಲನ್ನು ಸುಟ್ಟುಕೊಂಡು ಹೋಯಿತು. ಅಕ್ಕನ ಪಾದ ತಟ್ಟನೆ ನಿಂತಿತು.

"ಕಾಲರ್ ಮೂಲೆ ಕಣೇ ಇದು" ಎಂದರು ನನ್ನ ಕಡೆ ತಿರುಗದೆಯೇ.

ನನಗೆ ಒಂದೇ ಸಲಕ್ಕೆ ತಿಳಿಯಿತು. ಕಾಲರಿನ ಮೂಲೆ ಬಂದಾಗ ಓಡಿಸಬಾರದು. ಸೂಜಿಯನ್ನು ಬಟ್ಟೆಯೊಳಗೇ ನಿಲ್ಲಿಸಿ, ಬಟ್ಟೆಯನ್ನು ತಿರುಗಿಸಿ, ಆಮೇಲೆ ತುಳಿಯಬೇಕು. ಆ ಬೇಸಿಗೆಯಲ್ಲಿ ಇದಕ್ಕಾಗಿಯೇ ನಾನು ಎಷ್ಟು ಬೈಸಿಕೊಂಡಿದ್ದೆ! ಅಕ್ಕ ಈಗ ಅದನ್ನೇ ಮಾಡಿದರು. ಗುಂಡಿ ಹಿಡಿದರು, ನೌಕೆ ತಿರುಗಿಸಿದರು, ಬಿಟ್ಟರು. ಮತ್ತೆ ಹಿಡಿದರು. ಕೋಟೆಯಂಥ ಹಡಗೊಂದು ಬಾಯಿ ತೆರೆಯುವವರೆಗೆ ಉಸಿರು ಬಿಗಿಹಿಡಿದು ಕಾದು, ತೆರೆದ ಬಾಯಿಗೇ ಬೆಂಕಿ ಇಟ್ಟರು. ಮೂವತ್ತು ಸಾವಿರ. ಮೂವತ್ತೆಂಟು. ನಲವತ್ತು ದಾಟಿತು, ಸೊರಬದವರ ಲೆಕ್ಕವೂ ದಾಟಿತು. ಬೀದಿಗೆ ಬೀದಿಯೇ ಕೂಗಿತು. ಅಷ್ಟು ಖುಷಿ ನನಗೆ ಪಿಯುಸಿ ಪಾಸಾದಾಗಲೂ ಆಗಿರಲಿಲ್ಲ.

"ಸೋತೆ ಕಣ್ರೀ ಅಕ್ಕಾ, ಒಪ್ಪಿದೆ" ಎಂದು ಸೊರಬದವರು ಕ್ಯಾಸೆಟ್ ತೆಗೆದು ಕೊಟ್ಟರು. ಅಕ್ಕ ಸಂಕೋಚಪಡಲಿಲ್ಲ. ಎರಡೂ ಕೈಯಲ್ಲಿ ಇಸಿದುಕೊಂಡು ಕಣ್ಣಿಗೊತ್ತಿಕೊಂಡರು, ಬಂದವರಿಗೆಲ್ಲ ಸಕ್ಕರೆ ಹಂಚಿದರು. ಸೊರಬದವರಿಗೆ ಎರಡು ಹಿಡಿ.

ಯಾವುದು ಚೆನ್ನಾಗಿದೆ ಎಂದು ಆಮೇಲೆ ಕೇಳಿದೆ. "ಎರಡ್ನೇದೇ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ನಾನು ಇವತ್ತು ಆಡಿದ್ದು ಮೊದಲ್ನೇದು ಉಳಿಸ್ಕಳಾಕೆ" ಎಂದರು.

ನಾನು ಮದುವೆಯಾಗಿ ಊರು ಬಿಟ್ಟೆ. ಮೊದಮೊದಲು ಕಾಗದ ಬರೆಯುತ್ತಿದ್ದೆ, ಆಮೇಲೆ... ಅಕ್ಕ ತೀರಿಕೊಂಡ ಸುದ್ದಿ ತಲುಪುವಷ್ಟರಲ್ಲಿ ತಿಂಗಳಾಗಿತ್ತು. ಹೋದಾಗ ಅವರ ಮಗಳು ಎರಡನೆಯ ಕ್ಯಾಸೆಟ್ಟನ್ನು ನನ್ನ ಕೈಗಿಟ್ಟಳು. ಅಮ್ಮ ನಿಮಗೇ ಕೊಡಲು ಹೇಳಿದ್ದರು ಎಂದಳು. ಅದೀಗ ನನ್ನ ಮನೆಯಲ್ಲಿದೆ. ಹಾಕಿ ಆಡಲು ಯಂತ್ರವಿಲ್ಲ, ಪಕ್ಕದಲ್ಲಿ ಕೂತು ಬೈಯಲು ಅಕ್ಕನೂ ಇಲ್ಲ.

ಅವತ್ತು ಮೊದಲನೆಯದರ ಬಗ್ಗೆಯೂ ಕೇಳಿದ್ದೆ. ಮಗಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ಅದನ್ನ ಅಮ್ಮನ ಜತಿಗೇ ಮಣ್ಣಿಗಿಟ್ವಿ ಅಕ್ಕಾ."