ಮೆಹರಾಜ ಬಂದರೆ ಸರಿ, ಹೋದರೆ ಕೆಟ್ಟಿತು

ಗಂಗಾವತಿಯಲ್ಲಿ ಬೆಳಗಿನ ಆರು ಗಂಟೆ. ಮೆಹರಾಜ ಎರಡನೇ ರೊಟ್ಟಿ ಬಡಿದು ಹಂಚಿಗೆ ಹಾಕಿ, ನೀರು ಸವರಲು ಬಟ್ಟೆ ಎತ್ತಿಕೊಂಡಿದ್ದಾರೆ. ಅಷ್ಟರಲ್ಲಿ ಫೋನು. ಕೈತುಂಬ ಹಿಟ್ಟು, ಹಾಗಾಗಿ ಮೊಣಕೈಯಿಂದಲೇ ಒತ್ತುತ್ತಾರೆ.

“ತಂಗೀ, ಮತ್ತ ಟಾಕಿ ತುಂಬಿ ಹರೀತು. ಬಾಜೂ ಮನಿ ಮಾರೆಮ್ಮನ ರಂಗೋಲಿ ಇವತ್ತೂ ಹೋತು. ಆಕಿ ನಮ್ಮ ಬಾಗಲದಾಗ ನಿಂತಾಳ. ನೀ ಬರ್ತಿಯೋ, ಆಕಿ ಕೈಯಾಗ ಫೋನ್ ಕೊಡ್ಲೋ?”

ಸಿದ್ದಾಪುರದ ಅಕ್ಕಿ ವ್ಯಾಪಾರಿ ಗವಿಸಿದ್ದಪ್ಪನವರ ದನಿ. ಮೂರು ದಿನದಲ್ಲಿ ಇದು ಮೂರನೇ ಕರೆ.

“ಬ್ಯಾಡ್ರಿ ಸಾವ್ಕಾರ್ರ, ಬಂದೆ,” ಎನ್ನುತ್ತಾರೆ ಮೆಹರಾಜ. ಹಂಚಿನ ಮೇಲಿನ ರೊಟ್ಟಿ ಅಷ್ಟರಲ್ಲಿ ಸೀದು ಕಪ್ಪಾಗಿದೆ. ಅದನ್ನು ಮುರಿದು ಅಂಗಳದ ಕೋಳಿಗೆ ಹಾಕುತ್ತಾರೆ. “ಈ ವಾರ ನಮ್ಮ ಕೋಳಿ ಭಾಳ ಛಲೋ ಉಂಡೈತ್ರಿ,” ಎಂದು ನಗುತ್ತಾ ಸ್ಕೂಟಿಗೆ ಏಣಿ ಕಟ್ಟುತ್ತಾರೆ.

ಮೂವತ್ತೆಂಟರ ಮೆಹರಾಜ ಮನೆಗಳಿಗೆ ‘ಬುದ್ಧಿ ಇರುವ’ ಸ್ವಿಚ್ಚು, ಬಲ್ಬು, ಪ್ಲಗ್ಗುಗಳನ್ನು ಜೋಡಿಸುವ ಕೆಲಸದವರು. ತಂದೆಗೆ ಪಂಪ್‌ಸೆಟ್ಟಿನ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯಿತ್ತು. ಶಾಲೆ ಬಿಟ್ಟ ಮೇಲೆ ಅಲ್ಲೇ ಕುಳಿತು ತಾಮ್ರದ ತಂತಿ ಸುತ್ತಲು ಕಲಿತರು. ತಂದೆಯ ಕೈ ನಡುಗತೊಡಗಿದಾಗ ಅಂಗಡಿ ಇವರ ಕೈಗೆ ಬಂತು. ಆಮೇಲೆ ಮನೆಗಳ ವೈರಿಂಗು, ಈಗ ಐದು ವರ್ಷದಿಂದ ಇದು.

“ಮೊದಮೊದಲ ಹೆಣ್ಮಗಳು ಏಣಿ ಹತ್ತತಾಳ ಅಂತ ನೋಡಾಕ ಮಂದಿ ಸೇರ್ತಿದ್ರು. ಯಾರರ ಏಣಿ ಹಿಡೀರಿ ಅಂದ ಕೂಡ್ಲೆ ಎಲ್ಲಾರಿಗೂ ಕೆಲಸ ನೆನಪಾಗ್ತಿತ್ತು,” ಎನ್ನುತ್ತಾರೆ. ಎರಡು ಸಲ ಬಿದ್ದಿದ್ದಾರೆ. ಎಡಗೈ ಮಣಿಕಟ್ಟು ಮೋಡದ ದಿನ ಇನ್ನೂ ನೋಯುತ್ತದೆ.

ದಿನಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರ್ ಸ್ಕೂಟಿ, ಮೂರು ಮನೆ, ಸುಮಾರು ನಲವತ್ತು ಸಲ ಏಣಿ, ಬೇಡವೆಂದರೂ ಏಳು ಚಹಾ. ಒಂದು ದಿನ ಕುಷ್ಟಗಿ, ಮರುದಿನ ಯಲಬುರ್ಗಾ. ತಾವರಗೇರಾದಲ್ಲಿ ಒಬ್ಬರು ದೇವರ ಕೋಣೆಯ ಬಲ್ಬಿಗೆ ಚಪ್ಪಲಿ ಬಿಟ್ಟೇ ಫೋನಿನಿಂದ ಆಜ್ಞೆ ಮಾಡುತ್ತಾರಂತೆ.

ಇವರು ಜೋಡಿಸುವ ಸಾಮಾನು ಮನೆಯ ಇಂಟರ್ನೆಟ್ಟಿನಂತೆ ದೂರಕ್ಕೆ ಕೂಗುವುದಿಲ್ಲ. ಕರೆಂಟು ಉಳಿಸಲೆಂದು ಪಿಸುಗುಡುತ್ತದೆ. ಆ ಪಿಸುಮಾತನ್ನು ಪಕ್ಕದ್ದು ಕೇಳಿಸಿಕೊಂಡು ಅದರಾಚೆಯದಕ್ಕೆ ಹೇಳಬೇಕು.

“ಮನಿ ಕಟ್ಟೋವಾಗ ಸಾಲಾಗಿ ನಿಂತು ಇಟ್ಟಂಗಿ ದಾಟಸ್ತಾರಲ್ರಿ, ಹಂಗ. ನಡುವ ಒಬ್ಬಾತ ಬೀಡಿ ಸೇದಾಕ ಹೋದ್ನಂದ್ರ ಇಟ್ಟಂಗಿ ಅಲ್ಲೇ ನಿಂತ್ವು.”

ಗವಿಸಿದ್ದಪ್ಪನವರ ಮನೆ ರೈಲಿನಂತೆ ಉದ್ದ. ಹಿತ್ತಲ ಕಡೆಯ ಮಾಳಿಗೆ ಮೇಲೆ ಟ್ಯಾಂಕು, ಬೀದಿಯ ಬಾಗಿಲಲ್ಲಿ ಮೋಟಾರು. ಟ್ಯಾಂಕಿನಲ್ಲಿರುವ ಅಂಗಿ ಗುಂಡಿಯಷ್ಟು ಯಂತ್ರ ಸಣ್ಣ ಸೆಲ್ಲಿನ ಮೇಲೆ ಬದುಕುತ್ತದೆ, ಹೆಚ್ಚು ಹೊತ್ತು ನಿದ್ದೆ. ನೀರು ತುಂಬಿ ತೇಲುಗುಂಡು ಮೇಲೆದ್ದಾಗ ಎಚ್ಚರಾಗಿ ‘ಸಾಕು’ ಎಂದು ಪಿಸುಗುಟ್ಟಿ ಮತ್ತೆ ಮಲಗುತ್ತದೆ. ಆ ‘ಸಾಕು’ ಮೆಟ್ಟಿಲಿನ ಬಲ್ಬಿಗೆ, ಅಲ್ಲಿಂದ ನಡುಮನೆಯ ಗೋಡೆಯಲ್ಲಿರುವ ಬಿಳಿ ಪ್ಲಗ್ಗಿಗೆ, ಅಲ್ಲಿಂದ ಮೋಟಾರಿಗೆ ಮುಟ್ಟಬೇಕು. ಬಿಳಿ ಪ್ಲಗ್ಗು ಉರಿಯುವುದಿಲ್ಲ, ತಿರುಗುವುದಿಲ್ಲ. ಮಾತು ದಾಟಿಸುವುದೊಂದೇ ಅದರ ಉದ್ಯೋಗ.

ಆ ಪ್ಲಗ್ಗೇ ಸಾಯುತ್ತಿದೆ. ಮೆಹರಾಜರ ಫೋನಿನಲ್ಲಿ ಅದರ ಜಾತಕವೇ ಇದೆ. ಪ್ರತಿ ಸಲವೂ ಅವರು ಆ ಮನೆಯಿಂದ ಹೊರಟ ಹತ್ತೇ ನಿಮಿಷಕ್ಕೆ ಪ್ರಾಣ ಬಿಡುತ್ತದೆ, ಮತ್ತೆ ಹೋಗಿ ಬಾಗಿಲಲ್ಲಿ ನಿಂತರೆ ಬದುಕಿಕೊಳ್ಳುತ್ತದೆ. ಸಾಕೆಟ್ ಬದಲಿಸಿದ್ದಾರೆ, ವೈರು ಎಳೆದಿದ್ದಾರೆ, ಪ್ಲಗ್ಗನ್ನೇ ಹೊಸದು ಹಾಕಿದ್ದಾರೆ. ಮನೆಯಲ್ಲಿ ಯಾರಾದರೂ ಅದನ್ನು ಮುಟ್ಟುತ್ತಾರಾ ಎಂದು ಮೊದಲ ದಿನವೇ ಕೇಳಿದ್ದರು. ಗವಿಸಿದ್ದಪ್ಪನವರು ಯಾರನ್ನೂ ವಿಚಾರಿಸದೆ ಇಡೀ ಮನೆಯ ಪರವಾಗಿ, “ನಮ್ಮನ್ಯಾಗ ಯಾರೂ ಮುಟ್ಟಂಗಿಲ್ಲ,” ಎಂದು ಮಾತು ಕೊಟ್ಟಿದ್ದರು.

ಏಳಕ್ಕೆ ಸಿದ್ದಾಪುರ. ಸ್ಕೂಟಿಯ ಸದ್ದು ಕೇಳಿದ್ದೇ ಒಳಗೆ ಗವಿಸಿದ್ದಪ್ಪನವರ ತಾಯಿ ಶೇಖರಮ್ಮ ಮೊಮ್ಮಗಳು ಸಹನಾಳ ಅರ್ಧ ಹೆಣೆದ ಜಡೆಯನ್ನು ಬಿಟ್ಟು ಎದ್ದು ಬರುತ್ತಾರೆ. ಬಂದವರೆದುರು ಮನೆ ಮಂಕಾಗಿರಬಾರದು ಎಂಬುದು ಅವರ ಅತ್ತೆಯ ಕಾಲದಿಂದ ಬಂದ ಪದ್ಧತಿ. ಗೋಡೆಯುದ್ದಕ್ಕೂ ಇರುವ ಸ್ವಿಚ್ಚುಗಳನ್ನೆಲ್ಲ ಪಟಪಟನೆ ಒತ್ತುತ್ತಾರೆ. ಹಾಡುಹಗಲಲ್ಲಿ ಮೂರು ಟ್ಯೂಬ್‌ಲೈಟು, ಚಳಿಯಲ್ಲಿ ಎರಡು ಫ್ಯಾನು.

“ಬಾ ಯವ್ವಾ, ಕುಂದ್ರು. ಚಾ ಕುಡಿ.”

“ಮೊದಲ ಕೆಲಸ ನೋಡ್ತೀನ್ರಿ ಅಮ್ಮಾರ.”

ಮೆಹರಾಜ ಮಾಳಿಗೆ ಹತ್ತಿ, ಮೋಟಾರು ಹಚ್ಚಿಸಿ, ತೇಲುಗುಂಡನ್ನು ಕೈಯಿಂದ ಎತ್ತುತ್ತಾರೆ. ಬೀದಿ ಬಾಗಿಲಲ್ಲಿ ಮೋಟಾರು ಗಪ್ಪನೆ ನಿಲ್ಲುತ್ತದೆ. ಹತ್ತು ಸಲ ಎತ್ತಿದರೆ ಹತ್ತು ಸಲವೂ ನಿಲ್ಲುತ್ತದೆ. ಕೆಳಗೆ ಮಾರೆಮ್ಮ ರಂಗೋಲಿಯ ಡಬ್ಬಿ ಹಿಡಿದು ನೋಡುತ್ತಾ, “ಈಕಿ ಬಂದ್ರ ಶಾಣ್ಯಾ ಹುಡುಗನಂಗ ಇರ್ತೈತಿ. ಇಲ್ಲೇ ಒಂದು ಖೋಲಿ ಕೊಟ್ಟು ಇಟಗೊಂಡ್ಬಿಡ್ರಿ,” ಎನ್ನುತ್ತಾರೆ.

ಗವಿಸಿದ್ದಪ್ಪನವರು ನಗುವುದಿಲ್ಲ. ಕುಷ್ಟಗಿಯಲ್ಲಿ ಅವರ ಬೀಗರು ಹನ್ನೆರಡು ಮನೆ ಕಟ್ಟಿಸುತ್ತಿದ್ದಾರೆ. ಈ ಟ್ಯಾಂಕು ಒಪ್ಪವಾಗಿ ನಡೆದರೆ ಆ ಕೆಲಸವೆಲ್ಲ ಮೆಹರಾಜರದೇ ಎಂದು ಮಾತಾಗಿತ್ತು. ಮೆಹರಾಜ ಇಳಿದು ನಡುಮನೆಗೆ ಬರುತ್ತಲೇ ಹೇಳುತ್ತಾರೆ:

“ತಂಗೀ, ಸಿಟ್ಟಾಗಬ್ಯಾಡ. ನೀ ಬಂದ್ರ ಸರಿ, ಹೋದ್ರ ಕೆಡ್ತೈತಿ. ಮತ್ತಮತ್ತ ಕರೀಲಿ ಅಂತ ನೀನ ಏನರ ಮಾಡಿ ಹೋಗ್ತಿ ಅಂತ ಬೀಗರು ಅನ್ನಾಕತ್ತಾರ. ಇವತ್ತ ಎಲ್ಲಾ ಬಿಚ್ಚಿ, ಹಳೇ ಸ್ವಿಚ್ಚ ಹಾಕಿಬಿಡು.”

ಏಣಿಯಿಂದ ಬಿದ್ದಾಗಲೂ ಬಾಡದ ಮುಖ ಈಗ ಬಾಡುತ್ತದೆ. ಕೆಲಸ ಹೋದರೆ ಇನ್ನೊಂದು ಸಿಗುತ್ತದೆ. ಆದರೆ ಕುಷ್ಟಗಿ ಮುಟ್ಟಿದ ಈ ಮಾತು ಯಲಬುರ್ಗಾ ಮುಟ್ಟಲು ತಡವಿಲ್ಲ, ಅದಕ್ಕೆ ಪ್ಲಗ್ಗೂ ಬೇಕಿಲ್ಲ.

ಇತ್ತ ಸಹನಾ ಬಾಯಿ ತೆರೆಯುತ್ತಾಳೆ. ಮತ್ತೆ ಜಡೆ ಹಿಡಿದು ಕುಳಿತ ಶೇಖರಮ್ಮ ಮೆಲ್ಲಗೆ ಜಗ್ಗುತ್ತಾರೆ. “ದೊಡ್ಡವರು ಮಾತಾಡುವಾಗ ನಡುವ ಬಾಯಿ ಹಾಕಬಾರ್ದು.” ಆರು ವರ್ಷದ ಹುಡುಗಿ ತುಟಿ ಬಿಗಿಯುತ್ತಾಳೆ. ನಿನ್ನೆ, ಮೊನ್ನೆಯೂ ಹೀಗೇ ಆಗಿತ್ತು.

ಮೆಹರಾಜ ಸ್ಕ್ರೂಡ್ರೈವರ್ ತೆಗೆಯುತ್ತಾರೆ. ಬಿಚ್ಚುವ ಮುಂಚೆ ಬಿಳಿ ಪ್ಲಗ್ಗಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸುತ್ತಾರೆ.

“ನನಗೇನು ದೊಡ್ಡ ಆಸಿ ಇಲ್ರಿ ಸಾವ್ಕಾರ್ರ. ನಾ ಹಾಕಿದ್ದನ್ನ ಮಂದಿ ಮರೀಬೇಕು. ನನ್ನ ಹೆಸರು ನೆನಪಾತಂದ್ರ ಎಲ್ಲೋ ಏನೋ ಕೆಟ್ಟೈತಿ ಅಂತನ ಅರ್ಥ. ಆದ್ರ ಕೆಡಿಸಿ ಹೋಗೋ ಕೈ ಅಲ್ರಿ ಇದು.”

ಗವಿಸಿದ್ದಪ್ಪನವರು ಹಳೇ ಸ್ವಿಚ್ಚನ್ನು ತಂದು ಮುಂದಿಡುತ್ತಾರೆ. ಶೇಖರಮ್ಮ ರಿಬ್ಬನ್ನಿನ ಗಂಟು ಹಾಕಿ, ಜಡೆಯಿಂದ ಕೈ ತೆಗೆಯುತ್ತಾರೆ. ಮೂರು ದಿನದಲ್ಲಿ ಮೊದಲ ಬಾರಿಗೆ ಸಹನಾಳ ತಲೆ ಯಾರ ಹಿಡಿತದಲ್ಲೂ ಇಲ್ಲ. ಅವಳು ಎದ್ದು ಹೋಗಿ, ಬಿಳಿ ಪ್ಲಗ್ಗಿನ ಸ್ವಿಚ್ಚಿನ ಮೇಲೆ ಬೆರಳಿಟ್ಟು ಕೇಳುತ್ತಾಳೆ:

“ಅಜ್ಜೀ, ಇವರು ಬಂದಾಗ ಎಲ್ಲಾದ್ರ ಕೂಡ ಇದನ್ನೂ ಹಚ್ತಿ. ಇವರು ಅತ್ತಾಗ ಹೋದ ಕೂಡ್ಲೆ, ಸುಮ್ನ ಕರೆಂಟ್ ತಿಂತೈತಿ ಅಂತ ದಿನಾ ಯಾಕ ಆರಸ್ತಿ?”